ಗೆರೆಯ ಪಕ್ಕದಲ್ಲಿ ನಿಂತವರಿಂದ: ಕಬಡ್ಡಿಯ ವೀಕ್ಷಕ ವಿವರಣೆಗಾರರಿಗೆ ಬಹಿರಂಗ ಪತ್ರ



ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ಕಬಡ್ಡಿ ಪಂದ್ಯಗಳಿಗೆ ತೀರ್ಪು ನೀಡುವವರು ಬಹುಮಟ್ಟಿಗೆ ಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಆಡುವ ವಯಸ್ಸು ಮೀರಿದ ಹಳೆಯ ಆಟಗಾರರು. ಶಾಲಾ ಕ್ರೀಡಾಕೂಟಗಳ ವಲಯ, ತಾಲ್ಲೂಕು, ಜಿಲ್ಲಾ ಹಂತಗಳಲ್ಲೂ, ದಸರಾ ಕ್ರೀಡಾಕೂಟದಲ್ಲೂ, ಸುಗ್ಗಿ ಮುಗಿದ ಮೇಲೆ ಜಾತ್ರೆಗಳ ಜೊತೆಗೆ ನಡೆಯುವ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲೂ ಸೀಟಿ ಇರುವುದು ಇವರ ಕೈಯಲ್ಲಿಯೇ. ಇವರ ತೀರ್ಪುಗಳನ್ನು ಯಾರೂ ಟೀಕಿಸಬಾರದೆಂಬ ಬೇಡಿಕೆ ಈ ಪತ್ರಕ್ಕಿಲ್ಲ. ತೀರ್ಪುಗಾರನ ಕಣ್ಣು ತಪ್ಪುತ್ತದೆ, ತಪ್ಪಿದಾಗ ಅದನ್ನು ಹೇಳುವ ಹಕ್ಕು ವಿವರಣೆಗಾರನಿಗೂ ಪ್ರೇಕ್ಷಕನಿಗೂ ಇದೆ. ಆದರೆ ನಿಯಮ ಹೇಳಿದಂತೆಯೇ ಕೊಟ್ಟ ತೀರ್ಪನ್ನು, ನಿಯಮ ತಿಳಿಯದ ಕಾರಣಕ್ಕೆ, ಸಾವಿರಾರು ಜನ ಕೇಳುವಂತೆ ಅನ್ಯಾಯವೆಂದು ಸಾರುವುದು ಬೇರೆಯೇ ಸಂಗತಿ. ಈ ಸೀಮೆಯ ತೀರ್ಪುಗಾರರನ್ನು ಬಹುಕಾಲದಿಂದ ಕೆಣಕುತ್ತಿರುವುದು ಅದು.

2014ರ ಜುಲೈ ತಿಂಗಳಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ನಂತರ ಕಬಡ್ಡಿಯನ್ನು ಜನ ಕಲಿಯುವ ದಾರಿಯೇ ಬದಲಾಯಿತು. ಅದಕ್ಕೂ ಮೊದಲು ಅಕ್ಕಿಆಲೂರಿನ ಅಥವಾ ಚಿಕ್ಕೇರೂರಿನ ಹುಡುಗ ಆಟವನ್ನು ಕಲಿಯುತ್ತಿದ್ದುದು ಮಣ್ಣಿನ ಮೇಲೆ, ತನಗಿಂತ ಹಿರಿಯ ಆಟಗಾರರಿಂದ. ಈಗ ಅವನು ಆಟದ ಅರ್ಧವನ್ನು ಪರದೆಯಿಂದ ಕಲಿಯುತ್ತಾನೆ, ಮತ್ತು ಆ ಪರದೆಯಲ್ಲಿ ಅವನಿಗೆ ಗುರುವಾಗಿರುವವರು ವಿವರಣೆಗಾರರು. ಇದು ಸಂತೋಷದ ಸಂಗತಿಯೂ ಹೌದು: 2019ರ ಜನವರಿಯಲ್ಲಿ ಮುಂಬೈಯಲ್ಲಿ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಬೆಂಗಳೂರು ಬುಲ್ಸ್ ಪ್ರಶಸ್ತಿ ಗೆದ್ದ ಫೈನಲ್‌ನಲ್ಲಿ ಪವನ್ ಸೆಹ್ರಾವತ್ 22 ಅಂಕ ಗಳಿಸಿದ್ದನ್ನು ಕನ್ನಡದಲ್ಲಿ ವರ್ಣಿಸಿದ ದನಿಗಳು ಈ ಭಾಗದ ಎಷ್ಟೋ ಹುಡುಗರನ್ನು ಅಂಕಣಕ್ಕೆ ಎಳೆದು ತಂದಿವೆ. ಅಷ್ಟು ದೂರ ಮುಟ್ಟುವ ದನಿಗೆ ಅಷ್ಟೇ ದೊಡ್ಡ ಹೊಣೆಯೂ ಇದೆ ಎಂದು ತೀರ್ಪುಗಾರರು ತಿಳಿಯುತ್ತಾರೆ.

ಮೊದಲ ಉದಾಹರಣೆಯಾಗಿ ಲಾಬಿಯನ್ನು ತೆಗೆದುಕೊಳ್ಳಬಹುದು. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲವಿದ್ದು, ಅಗಲದ ಎರಡೂ ಅಂಚುಗಳಲ್ಲಿ ಒಂದೊಂದು ಮೀಟರ್ ಪಟ್ಟಿಯನ್ನು ಲಾಬಿ ಎಂದು ಗುರುತಿಸಲಾಗುತ್ತದೆ. ದಾಳಿಗೆ ಬಂದ ರೇಡರ್ ಎದುರಾಳಿಯನ್ನು ಮುಟ್ಟುವವರೆಗೆ ಅಥವಾ ಅವರು ಅವನನ್ನು ಹಿಡಿದು ಸೆಣಸಾಟ ಆರಂಭವಾಗುವವರೆಗೆ ಈ ಪಟ್ಟಿ ಆಟದ ನೆಲವಲ್ಲ, ಅಲ್ಲಿ ಕಾಲಿಟ್ಟವನು ಔಟ್. ಸ್ಪರ್ಶವೋ ಹಿಡಿತವೋ ಆದ ಕೂಡಲೇ ಅದೇ ಪಟ್ಟಿ ಅಂಕಣದ ಭಾಗವಾಗಿ, ಸೆಣಸಾಟದಲ್ಲಿ ತೊಡಗಿದವರು ಅಲ್ಲಿ ಓಡಾಡಬಹುದು. ಒಂದೇ ನೆಲ ಒಂದು ಕ್ಷಣದಲ್ಲಿ ನಿಷಿದ್ಧ, ಮರುಕ್ಷಣದಲ್ಲಿ ಮುಕ್ತ. ಆದ್ದರಿಂದ ಅಂಪೈರ್ ನೋಡಬೇಕಾದುದು ಕಾಲು ಎಲ್ಲಿ ಬಿತ್ತು ಎಂಬುದನ್ನು ಮಾತ್ರವಲ್ಲ, ಕಾಲು ಬೀಳುವ ಮೊದಲು ಕೈ ತಾಗಿತ್ತೇ ಎಂಬುದನ್ನೂ. ಪರದೆಯ ಮುಂದೆ ಕುಳಿತ ವಿವರಣೆಗಾರನಿಗೆ ಕಾಲು ಸ್ಪಷ್ಟವಾಗಿ ಕಾಣುತ್ತದೆ, ಕೈ ಅಷ್ಟು ಕಾಣುವುದಿಲ್ಲ. ಹೀಗಾಗಿ ಅವನ ವಾಕ್ಯ ಕಾಲಿನಿಂದಲೇ ಆರಂಭವಾಗಿ ಕಾಲಿನಲ್ಲೇ ಮುಗಿಯುತ್ತದೆ.

ಈ ಪಟ್ಟಿ ಎಷ್ಟು ತಕರಾರಿನದು ಎಂಬುದನ್ನು ಇಡೀ ಏಷ್ಯಾ ಕಂಡದ್ದು 2023ರ ಅಕ್ಟೋಬರ್ 7ರಂದು, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಪುರುಷರ ಫೈನಲ್‌ನಲ್ಲಿ. ಭಾರತ ಮತ್ತು ಇರಾನ್ 28-28ರಲ್ಲಿ ಸಮನಾಗಿದ್ದಾಗ, ಆಟ ಮುಗಿಯಲು ಒಂದು ನಿಮಿಷದಷ್ಟೇ ಉಳಿದಿದ್ದಾಗ, ದಾಳಿಗೆ ಹೋದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು, ಅವರನ್ನು ಹಿಡಿಯಲೆಂದು ಇರಾನಿನ ರಕ್ಷಣಾ ಆಟಗಾರರೂ ಹಿಂದೆಯೇ ಲಾಬಿಗೆ ನುಗ್ಗಿದರು. ಸ್ಪರ್ಶವಿಲ್ಲದೆ ಲಾಬಿಗೆ ಹೋದವರೆಲ್ಲರೂ ಔಟ್ ಎನ್ನುವುದು ಒಂದು ನಿಯಮ. ರೇಡರ್ ಮಾತ್ರ ಔಟ್, ಅಲ್ಲಿಗೆ ದಾಳಿ ಮುಗಿಯಿತು ಎನ್ನುವುದು ಲೀಗ್ ಅಷ್ಟರಲ್ಲಿ ರೂಢಿಸಿಕೊಂಡಿದ್ದ ಇನ್ನೊಂದು ನಿಯಮ. ಮೊದಲನೆಯದರ ಪ್ರಕಾರ ಲಾಭ ಭಾರತಕ್ಕೆ, ಎರಡನೆಯದರ ಪ್ರಕಾರ ಇರಾನಿಗೆ. ತೀರ್ಪು ಒಮ್ಮೆ ಅತ್ತ, ಒಮ್ಮೆ ಇತ್ತ ಹೊಯ್ದಾಡಿ, ಆಟಗಾರರು ಅಂಕಣದಲ್ಲೇ ಕುಳಿತು ಪ್ರತಿಭಟಿಸಿ, ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತ 33-29ರಿಂದ ಚಿನ್ನ ಗೆದ್ದಿತು. ಆ ಒಂದು ಗಂಟೆ ವಿವರಣೆಗಾರರಿಗೆ ಸಿಕ್ಕಿದ್ದ ಅಪೂರ್ವ ಅವಕಾಶ: ಎರಡು ನಿಯಮಗಳಿವೆ, ಈ ಪಂದ್ಯ ಯಾವುದರ ಅಡಿಯಲ್ಲಿ ನಡೆಯುತ್ತಿದೆ ಎಂಬುದೇ ಪ್ರಶ್ನೆ ಎಂದು ನಾಡಿಗೆಲ್ಲ ತಿಳಿಸಬಹುದಾಗಿತ್ತು. ಆದರೆ ಪಂದ್ಯ ನೋಡಿದ ಬಹುಮಂದಿಯ ನೆನಪಿನಲ್ಲಿ ಇಂದು ಉಳಿದಿರುವುದು ತೀರ್ಪುಗಾರರು ಗೊಂದಲ ಮಾಡಿದರು ಎಂಬುದಷ್ಟೇ. ಗೊಂದಲ ಮಾಡಿದ್ದು ನಿಜ. ಗೊಂದಲಕ್ಕೆ ಕಾರಣ ಏನೆಂದು ಕೇಳಿದರೆ ಅವರಲ್ಲಿ ಹೆಚ್ಚಿನವರ ಬಳಿ ಉತ್ತರವಿಲ್ಲ.

ಹಾಂಗ್‌ಝೌನಲ್ಲಿ ಆದದ್ದು ಹಾನಗಲ್ಲಿನಲ್ಲಿಯೂ ಆಗುತ್ತದೆ, ಆದರೆ ಇಲ್ಲಿ ಒಂದು ಗಂಟೆ ಆಟ ನಿಲ್ಲಿಸುವ ಅನುಕೂಲ ಯಾರಿಗೂ ಇಲ್ಲ. ಇಲ್ಲಿನ ಪಂದ್ಯಾವಳಿಗಳು ಹಲವು ಬಗೆಯವು. ಅಧಿಕೃತ ಹಿರಿಯ ಪುರುಷರ ವಿಭಾಗದಲ್ಲಿ ಆಟಗಾರನ ತೂಕ 85 ಕಿಲೊ ಮೀರಬಾರದೆಂದಿದ್ದರೆ, ಊರ ಪಂದ್ಯಾವಳಿಗಳು 55, 60, 65 ಕಿಲೊ ಎಂದು ತಮ್ಮದೇ ಮಿತಿಗಳನ್ನು ಹಾಕಿಕೊಳ್ಳುತ್ತವೆ. ತಂಡಗಳು ಹೆಚ್ಚಾಗಿ ರಾತ್ರಿ ಸಾಲದಾದಾಗ ತಲಾ 20 ನಿಮಿಷದ ಎರಡು ಅವಧಿಗಳನ್ನು ಸಂಘಟಕರು ಮೊಟಕುಗೊಳಿಸುತ್ತಾರೆ. ಲಾಬಿಯ ವಿಷಯದಲ್ಲಿ ಹಳೆಯ ನಿಯಮವೋ ಲೀಗಿನ ನಿಯಮವೋ ಎಂಬುದನ್ನು ಪಂದ್ಯಕ್ಕೆ ಮೊದಲು ತಂಡದ ನಾಯಕರಿಗೆ ತಿಳಿಸಲಾಗುತ್ತದೆ. ನಾಯಕರಿಗೆ ತಿಳಿಸಿದ್ದು ಮೈಕಿನ ಮುಂದೆ ಕುಳಿತವರಿಗೆ ತಿಳಿದಿರುವುದಿಲ್ಲ, ತಿಳಿದುಕೊಳ್ಳಲು ಅವರು ಕೇಳುವುದೂ ಕಡಿಮೆ. ವಾಹಿನಿಯಲ್ಲಿ ಕೇಳಿದ ನಿಯಮವನ್ನೇ ಅವರು ಇಲ್ಲಿಯೂ ಹೇಳುತ್ತಾರೆ, ಕಂಬಕ್ಕೆ ಕಟ್ಟಿದ ಧ್ವನಿವರ್ಧಕ ಅದನ್ನು ಊರಿಗೆಲ್ಲ ಹರಡುತ್ತದೆ, ಮತ್ತು ಅಂಪೈರ್ ಕೈ ಎತ್ತಿ ಸನ್ನೆ ಮಾಡುವ ಹೊತ್ತಿಗೆ ಗೆರೆಯ ಸುತ್ತ ನಿಂತ ಜನ ಅಂಕಣದೊಳಕ್ಕೆ ಬಂದಿರುತ್ತಾರೆ.

ಎರಡನೆಯ ಉದಾಹರಣೆ ಬೋನಸ್ ಅಂಕದ್ದು. ಪುರುಷರ ಅಂಕಣದಲ್ಲಿ ನಡುಗೆರೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ಲೈನ್ ಎಂಬ ಗೆರೆಯಿದ್ದು, ರೇಡರ್ ಯಾರನ್ನೂ ಮುಟ್ಟದಿದ್ದರೆ ದಾಳಿಯಲ್ಲಿ ಒಮ್ಮೆಯಾದರೂ ಅದನ್ನು ದಾಟಲೇಬೇಕು. ಅದರಾಚೆ ಒಂದು ಮೀಟರ್ ದೂರದಲ್ಲಿರುವುದು ಬೋನಸ್ ಗೆರೆ. ಅಂಕಣದಲ್ಲಿ ಆರು ಅಥವಾ ಏಳು ರಕ್ಷಣಾ ಆಟಗಾರರಿದ್ದಾಗ ಮಾತ್ರ ಬೋನಸ್ ಸಿಗುತ್ತದೆ, ಒಂದು ಪಾದ ಗೆರೆಯಾಚೆ ನೆಲ ಮುಟ್ಟಿದ ಕ್ಷಣದಲ್ಲಿ ಇನ್ನೊಂದು ಪಾದ ಗಾಳಿಯಲ್ಲಿರಬೇಕು, ಸೆಣಸಾಟ ಆರಂಭವಾಗುವ ಮೊದಲೇ ಇದು ಆಗಿರಬೇಕು, ಮತ್ತು ಈ ಅಂಕದಿಂದ ಹೊರಗೆ ಕುಳಿತ ಆಟಗಾರ ಮರಳಿ ಬರುವುದಿಲ್ಲ. ದೂರದರ್ಶನದ ವಿವರಣೆಯಲ್ಲಿ ಮುಂದಿನ ಪಾದದ ಬಗ್ಗೆ ಕೇಳಿಬರುವಷ್ಟು ಹಿಂದಿನ ಪಾದದ ಬಗ್ಗೆ ಕೇಳಿಬರುವುದಿಲ್ಲ. ನಿಧಾನಗತಿಯ ಮರುಪ್ರಸಾರದಲ್ಲಿ ಗೆರೆಯಾಚೆ ಇರುವ ಹೆಬ್ಬೆರಳನ್ನು ತೋರಿಸಿ ‘ಬೋನಸ್ ಸಿಗಲೇಬೇಕಿತ್ತು’ ಎಂದು ಹೇಳುವಾಗ, ಅದೇ ಚಿತ್ರದ ಕೆಳಭಾಗದಲ್ಲಿ ಹಿಂಗಾಲಿನ ತುದಿ ಮ್ಯಾಟಿಗೆ ಒತ್ತಿಕೊಂಡಿರುವುದು ಕಣ್ಣಿಗೆ ಬೀಳುವುದಿಲ್ಲವೆಂದರೆ ಅದು ಕಣ್ಣಿನ ದೋಷವಲ್ಲ, ಯಾವುದನ್ನು ನೋಡಬೇಕೆಂಬ ತಿಳಿವಳಿಕೆಯ ಕೊರತೆ. ಇನ್ನು ಮಹಿಳೆಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲದ್ದಾಗಿದ್ದು ಅಲ್ಲಿ ಬಾಕ್ ಲೈನ್ 3 ಮೀಟರಿಗೆ, ಬೋನಸ್ ಗೆರೆ 4 ಮೀಟರಿಗೆ ಬರುತ್ತದೆ. ಹೆಣ್ಣುಮಕ್ಕಳ ಪಂದ್ಯದಲ್ಲಿ ಗೆರೆಗಳು ತಪ್ಪಾಗಿವೆ ಎಂದು ಮೈಕಿನಲ್ಲಿ ಘೋಷಿಸುವ ಮೊದಲು ಇಷ್ಟನ್ನು ನೆನಪಿಟ್ಟುಕೊಳ್ಳುವುದು ಕ್ಷೇಮ.

ಅಂಕಣದ ಹೊರಗೆರೆಯ ಬಗೆಗಿನ ತಪ್ಪು ಇನ್ನೂ ಹೆಚ್ಚು ಸಾಮಾನ್ಯ. ಸಾಧಾರಣವಾಗಿ ದೇಹದ ಯಾವುದೇ ಭಾಗ ಹೊರಗೆರೆಯಾಚೆಯ ನೆಲವನ್ನು ಮುಟ್ಟಿದರೆ ಆಟಗಾರ ಔಟ್. ಆದರೆ ಸೆಣಸಾಟದ ವೇಳೆ ದೇಹದ ಒಂದು ಭಾಗವಾದರೂ ಒಳಗಿನ ನೆಲಕ್ಕೆ ತಾಗಿದ್ದರೆ, ಉಳಿದ ಭಾಗ ಹೊರಗೆ ಬಿದ್ದಿದ್ದರೂ ಅವನು ಔಟಲ್ಲ. ಐದು ಜನ ಒಬ್ಬನ ಮೇಲೆ ಬಿದ್ದಿರುವಾಗ, ಕೆಳಗಿರುವವನ ಒಂದು ಮಂಡಿ ಒಳಗೆ ಅಂಟಿಕೊಂಡಿದೆಯೇ ಎಂದು ನೋಡಲು ಅಂಪೈರ್ ನೆಲಕ್ಕೆ ಬಾಗುತ್ತಾನೆ. ಮಣ್ಣಿನ ಅಂಕಣದಲ್ಲಿ ಸುಣ್ಣದ ಗೆರೆ ಎರಡು ದಾಳಿ ಮುಗಿಯುವಷ್ಟರಲ್ಲಿ ಕಾಲುಗಳಿಗೆ ಸಿಕ್ಕಿ ಅಳಿಸಿಹೋಗಿರುತ್ತದೆ. ಗೆರೆ ಇದ್ದ ಜಾಗವನ್ನು ಅವನು ಉಳಿದ ಬಿಳಿ ತುಣುಕುಗಳಿಂದ ಊಹಿಸಬೇಕು, ದೀಪದ ಕಂಬ ಒಂದೇ ಕಡೆ ಇದ್ದರೆ ಬಿದ್ದವರ ನೆರಳಿನೊಳಗಿಂದಲೇ ಊಹಿಸಬೇಕು. ಆ ಒಂದೆರಡು ಕ್ಷಣದ ತಡವನ್ನು ‘ಅಂಪೈರ್ ತಬ್ಬಿಬ್ಬಾಗಿದ್ದಾರೆ’ ಎಂದು ವರ್ಣಿಸುವುದು ವಾಡಿಕೆಯಾಗಿಬಿಟ್ಟಿದೆ. ಲೀಗಿನ ಅಂಪೈರಿಗೆ ಸಂದೇಹ ಬಂದರೆ ದೃಶ್ಯ ಪರಿಶೀಲನೆ ಇದೆ, ತಂಡಗಳಿಗೆ ರಿವ್ಯೂ ಇದೆ. ತಿಳವಳ್ಳಿಯ ಮೈದಾನದಲ್ಲಿ ನಾಯಕನೊಬ್ಬ ರಿವ್ಯೂ ಸನ್ನೆ ಮಾಡಿದರೆ ಅಂಪೈರ್ ನಗಬಹುದು, ಇಲ್ಲವೇ ನಕ್ಕದ್ದಕ್ಕಾಗಿ ಬೈಸಿಕೊಳ್ಳಬಹುದು. ಮೂರನೆಯ ದಾರಿ ಅಲ್ಲಿಲ್ಲ.

ತೀರ್ಪು ಯಾರದು ಎಂಬುದೂ ವಿವರಣೆಯಲ್ಲಿ ಅನೇಕ ಸಲ ತಪ್ಪಾಗುತ್ತದೆ. ಕಬಡ್ಡಿಗೆ ಒಬ್ಬ ರೆಫರಿ, ಇಬ್ಬರು ಅಂಪೈರ್‌ಗಳು, ಒಬ್ಬ ಸ್ಕೋರರ್ ಮತ್ತು ಇಬ್ಬರು ಸಹಾಯಕ ಸ್ಕೋರರ್‌ಗಳು ಇರುತ್ತಾರೆ. ಅಂಕಣದಲ್ಲಿ ಸಾಮಾನ್ಯವಾಗಿ ಅಂಪೈರ್‌ಗಳ ತೀರ್ಪೇ ಅಂತಿಮ. ಇಬ್ಬರಲ್ಲಿ ಭಿನ್ನಾಭಿಪ್ರಾಯ ಬಂದಾಗ ಅಥವಾ ವಿಶೇಷ ಸಂದರ್ಭದಲ್ಲಿ ರೆಫರಿ ನಿರ್ಧರಿಸುತ್ತಾರೆ. ಔಟಾದವರನ್ನು ಔಟಾದ ಕ್ರಮದಲ್ಲೇ ಸಾಲಾಗಿ ಕೂರಿಸಿ, ತಂಡ ಅಂಕ ಗಳಿಸಿದಂತೆ ಅದೇ ಕ್ರಮದಲ್ಲಿ ಒಳಗೆ ಬಿಡುವುದು ಸಹಾಯಕ ಸ್ಕೋರರ್‌ಗಳ ಕೆಲಸ. ಪ್ರಮುಖ ರೇಡರ್ ಸಾಲಿನಲ್ಲಿ ಮೂರನೆಯವನಾಗಿ ಕುಳಿತಿದ್ದರೆ, ಒಂದು ಅಂಕ ಬಂದ ಮಾತ್ರಕ್ಕೆ ನಾಯಕ ಅವನನ್ನು ಆರಿಸಿ ಕರೆಸಿಕೊಳ್ಳುವಂತಿಲ್ಲ. ‘ಈಗ ಅವನನ್ನೇ ಒಳಗೆ ತರಬೇಕಿತ್ತು, ನಾಯಕ ಎಡವಿದ’ ಎಂದು ವಿಶ್ಲೇಷಿಸುವವರಿಗೆ ಇಷ್ಟು ಗೊತ್ತಿರಬೇಡವೇ?

ಈ ಬಗೆಯ ಬೇಸರ ಕಬಡ್ಡಿಯವರದು ಮಾತ್ರವಲ್ಲ. ಬ್ಯಾಸ್ಕೆಟ್‌ಬಾಲ್ ತೀರ್ಪುಗಾರರು ಇದನ್ನು ಬಹುಕಾಲದಿಂದ ಅನುಭವಿಸಿದ್ದಾರೆ. ಎದುರಾಳಿಯ ಬೆನ್ನ ಹಿಂದಿನಿಂದ ಎತ್ತರದ ಆಟಗಾರ ಕೈಚಾಚಿ ಚೆಂಡು ಕಿತ್ತುಕೊಂಡರೆ ಬೆನ್ನ ಮೇಲಿಂದ ಬಂದ ಫೌಲ್ ಎಂದು ವಿವರಣೆಗಾರರು ಕೂಗುವುದುಂಟು; ದೇಹ ತಾಗಿ ಎದುರಾಳಿಗೆ ತೊಂದರೆಯಾದರೆ ಅದು ಫೌಲ್, ಬರೀ ಎತ್ತರ ಫೌಲಲ್ಲ, ಅಂಥ ಹೆಸರಿನ ಫೌಲ್ ನಿಯಮ ಪುಸ್ತಕದಲ್ಲೇ ಇಲ್ಲ. 2017ರಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ತನ್ನ ನಿಯಮವನ್ನು ಬದಲಿಸಿ, ಓಡುತ್ತಿರುವ ಆಟಗಾರ ಚೆಂಡನ್ನು ಹಿಡಿತಕ್ಕೆ ತಂದುಕೊಳ್ಳುವಾಗ ನೆಲದಲ್ಲಿರುವ ಹೆಜ್ಜೆಯನ್ನು ಎಣಿಕೆಗೆ ಸೇರಿಸದೆ ಅದರ ಮೇಲೆ ಎರಡು ಹೆಜ್ಜೆಗಳಿಗೆ ಅವಕಾಶ ಕೊಟ್ಟಿತು. ಹಳೆಯ ಲೆಕ್ಕದಲ್ಲಿ ಮೂರು ಎಣಿಸಿದವರಿಗೆ ಅದು ಈಗಲೂ ತಪ್ಪು ಹೆಜ್ಜೆಯಾಗಿಯೇ ಕಾಣುತ್ತದೆ. ಅಮೆರಿಕದಲ್ಲಿ ಇದಕ್ಕೆ ಕಂಡುಕೊಂಡ ಒಂದು ಉಪಾಯ ಗಮನಾರ್ಹ. ಎನ್‌ಬಿಎ ಲೀಗಿನಲ್ಲಿ ದೀರ್ಘಕಾಲ ತೀರ್ಪುಗಾರರಾಗಿದ್ದ ಸ್ಟೀವ್ ಜೇವಿ ಅವರನ್ನು ಇಎಸ್‌ಪಿಎನ್ ವಾಹಿನಿ ನಿಯಮಗಳ ವಿಶ್ಲೇಷಕರನ್ನಾಗಿ ಬಳಸಿಕೊಂಡಿತು. ವಿವಾದದ ತೀರ್ಪು ಬಂದಾಗ ಏನಾಯಿತು, ನಿಯಮ ಏನು ಹೇಳುತ್ತದೆ ಎಂದು ಅವರು ವಿವರಿಸುತ್ತಾರೆ. 2015ರಿಂದ ಆ ಲೀಗ್ ಪೈಪೋಟಿಯ ಪಂದ್ಯಗಳ ಕೊನೆಯ ಎರಡು ನಿಮಿಷಗಳ ತೀರ್ಪುಗಳನ್ನು ಪರಿಶೀಲಿಸಿ, ತಪ್ಪಾದದ್ದನ್ನು ತಪ್ಪೆಂದು ತಾನೇ ಪ್ರಕಟಿಸುತ್ತಿದೆ. ತೀರ್ಪುಗಾರರಿಗೆ ಇದರಿಂದ ಮುಜುಗರವಾಗದೆ ಇರದು. ಆದರೂ ನಿಯಮದ ಅಳತೆಗೋಲಿನಿಂದ ತಪ್ಪೆನಿಸಿಕೊಳ್ಳುವುದಕ್ಕೂ ಬರೀ ಗದ್ದಲದಿಂದ ತಪ್ಪೆನಿಸಿಕೊಳ್ಳುವುದಕ್ಕೂ ಅಂತರವಿದೆ.

ವಿವರಣೆಗಾರರ ಕಷ್ಟವನ್ನು ಕಾಣದೆ ಇದನ್ನೆಲ್ಲ ಬರೆಯಲಾಗುತ್ತಿಲ್ಲ. ಒಂದು ದಾಳಿಗೆ ಇರುವುದು 30 ಸೆಕೆಂಡು, ಅದು ಮುಗಿಯುತ್ತಿದ್ದಂತೆ ಎದುರು ತಂಡದ ದಾಳಿ ಆರಂಭ. ಮಾತು ನಿಂತರೆ ಪ್ರೇಕ್ಷಕ ಬೇರೆ ಕಡೆ ಹೊರಳುತ್ತಾನೆಂಬ ಭಯ ಬೇರೆ. ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ರೇಡರನ್ನು ಹಿಡಿದರೆ ಎರಡು ಅಂಕ ತರುವ ಸೂಪರ್ ಟ್ಯಾಕಲ್, ಸತತ ಎರಡು ಬರಿಗೈ ದಾಳಿಗಳ ಬಳಿಕ ಅಂಕ ಗಳಿಸಲೇಬೇಕಾದ ಮೂರನೆಯ ದಾಳಿ, ಇವುಗಳನ್ನು ಹಳ್ಳಿಯ ಅಜ್ಜಿಯರೂ ಅರ್ಥಮಾಡಿಕೊಳ್ಳುವಂತೆ ಮಾಡಿದವರು ವಿವರಣೆಗಾರರೇ. ಅಷ್ಟನ್ನು ಕಲಿಸಿದವರಿಗೆ ಲಾಬಿಯನ್ನೂ ಹಿಂಗಾಲನ್ನೂ ಕಲಿಸುವುದು ದೊಡ್ಡ ಕೆಲಸವಲ್ಲ ಎಂಬ ನಂಬಿಕೆಯೇ ಈ ಪತ್ರಕ್ಕೆ ಧೈರ್ಯ ಕೊಟ್ಟಿದೆ. ಇನ್ನೊಂದು ಕಡೆ, ಅವಸರದಲ್ಲಿ ಅರೆಬರೆ ಸನ್ನೆ ಮಾಡಿ, ಯಾರಿಗೆ ಎಷ್ಟು ಅಂಕ ಏಕೆ ಎಂಬುದನ್ನು ಸ್ಕೋರರ್‌ಗೂ ಗೊತ್ತಾಗದಂತೆ ತಿರುಗಿ ನಡೆಯುವ ಅಂಪೈರ್‌ಗಳೂ ಇದ್ದಾರೆ. ಅವರಿಂದಾಗುವ ಗೊಂದಲಕ್ಕೆ ಮೈಕನ್ನು ದೂರಿ ಫಲವಿಲ್ಲ.

ಈ ಪತ್ರದ ಕೋರಿಕೆಗಳು ಕೆಲವೇ. ವಾಹಿನಿಗಳ ವಿವರಣೆಗಾರರು ಪಂದ್ಯದ ಆರಂಭದಲ್ಲಿ ಇದು ಯಾವ ನಿಯಮಗಳ ಅಡಿಯಲ್ಲಿ ನಡೆಯುತ್ತಿದೆ ಎಂದು ಒಂದು ಮಾತು ಹೇಳಲಿ, ಲೀಗಿನ ನಿಯಮವಾದರೆ ಶಾಲೆ ಮತ್ತು ಊರಿನ ಪಂದ್ಯಗಳಲ್ಲಿ ಅದು ಬೇರೆಯಾಗಿರಬಹುದು ಎಂದು ಸೇರಿಸಲಿ; ಆ ಒಂದು ವಾಕ್ಯ ಇಲ್ಲಿ ಎಷ್ಟೋ ಜಗಳಗಳನ್ನು ತಪ್ಪಿಸುತ್ತದೆ. ಅಂಪೈರಿನ ಸನ್ನೆ ಪೂರ್ಣವಾಗುವ ಮೊದಲು ಅಂಕವನ್ನು ಘೋಷಿಸದಿರಲಿ. ತೀರ್ಪನ್ನು ಒಪ್ಪದಿದ್ದರೆ ಅಂಪೈರ್ ಕಂಡದ್ದು ತಪ್ಪೋ, ಅನ್ವಯಿಸಿದ ನಿಯಮ ತಪ್ಪೋ ಎಂಬುದನ್ನು ಬಿಡಿಸಿ ಹೇಳಲಿ. ಕನ್ನಡ ಬಲ್ಲ ನಿವೃತ್ತ ತೀರ್ಪುಗಾರರು ಈ ನಾಡಿನಲ್ಲಿ ಬೇಕಾದಷ್ಟಿದ್ದಾರೆ; ಹಳೆಯ ಆಟಗಾರರಿಗೆ ಹಾಕುವ ಕುರ್ಚಿಯ ಪಕ್ಕದಲ್ಲಿ ಅವರಲ್ಲೊಬ್ಬರಿಗೂ ಒಂದು ಕುರ್ಚಿ ಹಾಕಿಸಲಿ.

ಊರ ಮೈದಾನಗಳಲ್ಲಿ ಮೈಕು ಹಿಡಿಯುವವರಲ್ಲಿ ಪ್ರತ್ಯೇಕವಾದ ಒಂದು ಬೇಡಿಕೆಯಿದೆ. ರೇಡರ್ ಎದುರಾಳಿ ಅಂಕಣವನ್ನು ಮುಟ್ಟುವ ಮೊದಲೇ ‘ಕಬಡ್ಡಿ, ಕಬಡ್ಡಿ’ ಎಂಬ ಉಚ್ಚಾರಣೆಯನ್ನು ಆರಂಭಿಸಿ, ಒಂದೇ ಉಸಿರಿನಲ್ಲಿ ಸ್ಪಷ್ಟವಾಗಿ ಕೇಳುವಂತೆ ಮುಂದುವರಿಸಬೇಕು, ದಮ್ಮು ಮುರಿದರೆ ಅವನು ಔಟ್. ದೂರದರ್ಶನದಲ್ಲಿ ಗಡಿಯಾರವೇ ಮುಂದೆ ಕಾಣುವುದರಿಂದ ಈ ನಿಯಮ ನೋಡುವವರ ಮನಸ್ಸಿನಿಂದ ಮರೆಯಾಗುತ್ತಿದೆ, ವಿವರಣೆಗಾರರ ಬಾಯಲ್ಲಿ ಅದರ ಪ್ರಸ್ತಾಪವೂ ಅಪರೂಪ. ಆದರೆ ಅದು ಇನ್ನೂ ಜಾರಿಯಲ್ಲಿದೆ, ಮಣ್ಣಿನ ಅಂಕಣದಲ್ಲಿ ಅಂಪೈರ್ ಅದನ್ನು ಕಿವಿಯಿಂದಲೇ ಅಳೆಯಬೇಕು. ಬಂಕಾಪುರದಲ್ಲಾಗಲಿ ಹಂಸಭಾವಿಯಲ್ಲಾಗಲಿ, ವಿವರಣೆಯ ಧ್ವನಿವರ್ಧಕ ಅಂಕಣದ ಮೇಲೆಯೇ ಗರ್ಜಿಸುತ್ತಿದ್ದರೆ, ನಾಲ್ಕು ಹೆಜ್ಜೆ ದೂರದಲ್ಲಿರುವ ರೇಡರಿನ ದಮ್ಮು ಮುರಿಯಿತೋ ಇಲ್ಲವೋ ಎಂದು ತಿಳಿಯಲು ಅಂಪೈರ್ ಅವನ ತುಟಿ ನೋಡಬೇಕಾಗುತ್ತದೆ, ಆಗ ಕಾಲು ನೋಡುವವರು ಯಾರೂ ಇರುವುದಿಲ್ಲ. ಆದ್ದರಿಂದ ಮುಂದಿನ ಪಂದ್ಯಾವಳಿಯಿಂದಲಾದರೂ ಧ್ವನಿವರ್ಧಕದ ಬಾಯಿಯನ್ನು ಅಂಕಣದ ಕಡೆಗಲ್ಲದೆ ಪ್ರೇಕ್ಷಕರ ಕಡೆಗೆ ತಿರುಗಿಸಿ ಕಟ್ಟಿಸಬೇಕೆಂದೂ, ರೇಡರ್ ನಡುಗೆರೆ ದಾಟಿದಾಗ ದನಿಯನ್ನು ಸ್ವಲ್ಪ ತಗ್ಗಿಸಬೇಕೆಂದೂ ವಿನಂತಿ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಕಬಡ್ಡಿ ತೀರ್ಪುಗಾರರ ಪರವಾಗಿ